ಬಿಳಿ ಗೋಡೆ ಯಾರದು?

ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ ಒಂದು ಷರತ್ತು ಹೆಚ್ಚುಕಡಿಮೆ ತಪ್ಪದೆ ಇರುತ್ತದೆ. ಗೋಡೆಗೆ ಮೊಳೆ ಹೊಡೆಯಬಾರದು, ಗೀಚಬಾರದು, ಬಿಟ್ಟು ಹೋಗುವಾಗ ಮನೆ ಕೊಟ್ಟ ಹಾಗೆಯೇ ಇರಬೇಕು. ಡೊಂಬಿವಲಿ, ಹಡಪ್ಸರ, ವೇಳಚ್ಚೇರಿ, ಮಿಯಾಪುರ, ದ್ವಾರಕಾ, ಊರು ಯಾವುದಾದರೂ ಆಗಲಿ, ಕರಾರಿನ ಭಾಷೆ ಬೇರೆ, ಷರತ್ತು ಒಂದೇ. ಸಹಿ ಹಾಕುವವರು ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು, ನೀರು ಎಷ್ಟು ಹೊತ್ತು ಬರುತ್ತದೆ ಎಂದು ಹತ್ತು ಸಲ ಕೇಳುತ್ತಾರೆ. ಈ ಸಾಲಿನ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ಮುಂದಿನ ಐದು ವರ್ಷ, ಹತ್ತು ವರ್ಷ ಆ ಮನೆಯೊಳಗಿನ ಬದುಕು ಹೇಗೆ ಕಾಣಬೇಕು ಎಂಬುದನ್ನು ನಿರ್ಧರಿಸುವುದು ಅದೇ ಸಾಲು.

ಬಾಡಿಗೆದಾರರ ಪಾಡು ಇದಾದರೆ, ಸ್ವಂತ ಫ್ಲ್ಯಾಟ್ ಕೊಂಡವರು ಏನು ಮಾಡುತ್ತಿದ್ದಾರೆ? ಅವರ ಗೋಡೆಯೂ ಅಷ್ಟೇ ಬೋಳು. ಯಾಕೆ ಎಂದರೆ, ನಾಳೆ ಮಾರಬೇಕಾದರೆ ಕೊಳ್ಳುವವರಿಗೆ ಹಿಡಿಸಬೇಕಲ್ಲ ಎನ್ನುತ್ತಾರೆ. ಬಾಡಿಗೆಯವರಿಗೆ ಇಂದಿನ ಮಾಲೀಕನ ಹೆದರಿಕೆ, ಮಾಲೀಕನಿಗೆ ನಾಳೆ ಬರಲಿರುವ ಗಿರಾಕಿಯ ಹೆದರಿಕೆ. ಇವರಿಬ್ಬರ ನಡುವೆ ಮನೆಯಲ್ಲಿ ನಿಜವಾಗಿ ಉಂಡು ಮಲಗುವವರಿಗೆ ಗೋಡೆಯ ಮೇಲೆ ಹಕ್ಕೇ ಇಲ್ಲ. ಸಾಲದ ಕಂತು ಕಟ್ಟಿ ಮುಗಿಸುವಷ್ಟರಲ್ಲಿ ಮಕ್ಕಳು ಕಾಲೇಜು ಮುಗಿಸಿರುತ್ತಾರೆ. ಅವರು ಬೆಳೆದ ಮನೆಯ ಗೋಡೆಯಲ್ಲಿ ಅವರದೆನ್ನುವ ಒಂದು ಗೆರೆಯೂ ಉಳಿದಿರುವುದಿಲ್ಲ.

ಇದನ್ನು ಅಭಿರುಚಿ ಎಂದು ಕರೆಯುವುದು ಈಗಿನ ರೂಢಿ. ಬಿಳಿ ಎಂದರೆ ಶಿಸ್ತು, ಬಿಳಿ ಎಂದರೆ ಜಾಗ ದೊಡ್ಡದಾಗಿ ಕಾಣುತ್ತದೆ, ಬಿಳಿ ಎಂದರೆ ನೀಟು. ಬಿಳಿ ಗೋಡೆಯನ್ನು ಇಷ್ಟಪಟ್ಟು ಇಟ್ಟುಕೊಂಡವರ ಮಾತು ಬೇರೆ. ಹೆಚ್ಚಿನವರು ಇಷ್ಟಪಟ್ಟಿಲ್ಲ, ಹೆದರಿದ್ದಾರೆ. ಅದಕ್ಕೆ ಸಾಕ್ಷಿ ಬೇಕಿದ್ದರೆ ಗೋಡೆ ಬೋಳಾಗಿದೆ ಎಂದು ಅನಿಸಿದ ಕೂಡಲೇ ಅವರು ಏನು ಮಾಡುತ್ತಾರೆ ನೋಡಿದರೆ ಸಾಕು. ಮೊಬೈಲಿನಲ್ಲಿ ಹುಡುಕಿ, ಯಂತ್ರ ಅಚ್ಚೊತ್ತಿದ ಸ್ಟಿಕ್ಕರ್ ತರಿಸುತ್ತಾರೆ. ಅದರ ಮೇಲೆ ಕೈಯಲ್ಲಿ ಬರೆದ ಹಾಗೆ ಕಾಣುವ ವಾರ್ಲಿ ಕುಣಿತ ಇರುತ್ತದೆ. ಕೈಬರಹದ ಗೋಡೆ ಬೇಕು ಎಂಬ ಆಸೆ ಇದೆ, ತಮ್ಮ ಕೈ ಗೋಡೆಯನ್ನು ಮುಟ್ಟುವುದಕ್ಕೆ ಮಾತ್ರ ಹೆದರಿಕೆ.

ಈ ಹೆದರಿಕೆಗೆ ವಯಸ್ಸು ಹೆಚ್ಚಾಗಿಲ್ಲ. ಸುಣ್ಣದ ಗೋಡೆಯ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಆ ಗೋಡೆಗೆ ಒರಗಿ ಕೂತರೆ ಬೆನ್ನಿಗೆ ಬಿಳಿ ಹತ್ತುತ್ತಿತ್ತು. ಗೋಡೆ ಕೊಳೆಯಾಗುವುದು, ಉದುರುವುದು, ಹಬ್ಬದ ಮುಂಚೆ ಮತ್ತೆ ಸುಣ್ಣ ಕಾಣುವುದು ವರ್ಷದ ಲೆಕ್ಕದಲ್ಲಿ ಸೇರಿದ್ದ ಸಂಗತಿ. ನೆಲ ಗೋಡೆ ಸಾರಿಸಿ, ಅದರ ಮೇಲೆ ಕೆಂಪು ಬಿಳಿ ಗೆರೆ ಎಳೆಯುವುದಕ್ಕೆ ಕನ್ನಡದಲ್ಲಿ ಸಾರಣೆ ಕಾರಣೆ ಎಂಬ ಜೋಡಿಪದವೇ ಇದೆ. ಇಂಥ ಗೋಡೆಯಲ್ಲಿ ತಪ್ಪು ಎನ್ನುವುದಕ್ಕೆ ಒಂದು ವರ್ಷದ ಆಯುಸ್ಸು. ಡೊಂಕಾದ ಗೆರೆ ಮುಂದಿನ ಸುಣ್ಣದ ಅಡಿಯಲ್ಲಿ ಹೋಗುತ್ತಿತ್ತು.

ಪ್ಲಾಸ್ಟಿಕ್ ಎಮಲ್ಷನ್ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಬಣ್ಣದ ಡಬ್ಬಿಯ ಮೇಲೆ ಇಷ್ಟು ವರ್ಷದ ಗ್ಯಾರಂಟಿ ಎಂದು ಬರೆದಿರುತ್ತದೆ. ಒರೆಸಿದರೆ ಹೋಗುತ್ತದೆ, ತೊಳೆದರೆ ಹೊಳೆಯುತ್ತದೆ. ಬಣ್ಣ ಹೆಚ್ಚು ಬಾಳುವುದು ಒಳ್ಳೆಯದೇ, ಸುಣ್ಣದ ಧೂಳು ಯಾರಿಗೂ ಬೇಡ. ಆದರೆ ಹಲವು ವರ್ಷ ಬಾಳಬೇಕಾದ ಮೇಲ್ಮೈಯನ್ನು ಕಾಯುವ ಕೆಲಸವೂ ಅದರ ಜೊತೆಗೇ ಬಂತು. ಮೊದಲು ಗೋಡೆ ಮನೆಯವರನ್ನು ಬಿಸಿಲು ಮಳೆಯಿಂದ ಕಾಯುತ್ತಿತ್ತು. ಈಗ ಮನೆಯವರು ಗೋಡೆಯನ್ನು ಮಕ್ಕಳಿಂದ ಕಾಯುತ್ತಾರೆ. ಎರಡು ವರ್ಷದ ಮಗು ಕ್ರೆಯಾನ್ ಹಿಡಿದು ಗೋಡೆಯ ಕಡೆ ಹೊರಟರೆ ಮನೆಯಿಡೀ ಕಿರುಚುತ್ತದೆ. ಅದೇ ಮಗುವಿಗೆ ಆರು ವರ್ಷವಾದಾಗ ತಿಂಗಳಿಗೆ ಇಷ್ಟು ಎಂದು ಕೊಟ್ಟು ಡ್ರಾಯಿಂಗ್ ಕ್ಲಾಸಿಗೆ ಸೇರಿಸುತ್ತಾರೆ.

ಗೋಡೆಯ ಮೇಲೆ ಬರೆಯುವುದು ಬಡವರ ಉಪಾಯ, ದುಡ್ಡಿದ್ದವರು ಚಿತ್ರ ಕೊಂಡು ತೂಗುಹಾಕುತ್ತಾರೆ ಎಂಬ ಮಾತೂ ಚಾಲ್ತಿಯಲ್ಲಿದೆ. ಇದಕ್ಕೆ ಮೂರು ಮದುವೆಮನೆಗಳ ಗೋಡೆಗಳು ಉತ್ತರ ಕೊಡುತ್ತವೆ.

ಮೊದಲನೆಯದು ಮಲೆನಾಡಿನದು. ಸಾಗರ, ಸೊರಬ, ಹೊಸನಗರ, ಸಿದ್ದಾಪುರ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆ ಮುಂಚೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಬರೆಯುವ ಹೆಂಗಸಿಗೆ ಚಿತ್ತಾರಗಿತ್ತಿ ಎಂದು ಹೆಸರು. ಹಿನ್ನೆಲೆಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸೀಯುವ ತನಕ ಹುರಿದ ಅಕ್ಕಿ, ಹಳದಿಗೆ ಗುರುಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಗೆರೆಗಳನ್ನು ಎಳೆ ಎಂದು ಎಣಿಸುತ್ತಾರೆ. ಇಡೀ ಚಿತ್ತಾರ ನೇರ ಗೆರೆ ಮತ್ತು ತ್ರಿಕೋನಗಳ ಲೆಕ್ಕದ ಮೇಲೆ ನಿಂತಿರುತ್ತದೆ. ಭೂಮಿ ಹುಣ್ಣಿಮೆಯ ಹೊತ್ತಿಗೆ ಅದೇ ಕೈಗಳು ಭೂಮಣ್ಣಿ ಬುಟ್ಟಿಯ ಮೇಲೂ ಚಿತ್ತಾರ ಬರೆಯುತ್ತವೆ. ಹಸೆಮಣೆ ಏರುವುದು ಎಂದು ಪ್ರತಿ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಕನ್ನಡಿಗರಿಗೆ ಆ ಹಸೆ ಎಂಬುದು ಒಂದು ಕಾಲಕ್ಕೆ ಯಾರೋ ಕೈಯಾರೆ ಬರೆದದ್ದು ಎಂಬುದೇ ಮರೆತುಹೋಗಿದೆ.

ಎರಡನೆಯದು ಮುಂಬೈಯಿಂದ ಲೋಕಲ್ ರೈಲಿನ ದೂರದಲ್ಲಿದೆ. ಡಹಾಣು, ತಲಾಸರಿ, ಜವ್ಹಾರ್ ಕಡೆಯ ವಾರ್ಲಿ ಮನೆಗಳಲ್ಲಿ ಸೆಗಣಿ ಮಣ್ಣು ಸಾರಿಸಿದ ಗೋಡೆಯ ಮೇಲೆ ಮುತ್ತೈದೆಯರು ಅಕ್ಕಿಹಿಟ್ಟಿನಲ್ಲಿ ಮದುವೆಯ ಚೌಕ ಬರೆಯುತ್ತಾರೆ. ಅದರ ನಡುವೆ ಪಾಲಘಟ ದೇವಿ ಇರುತ್ತಾಳೆ. ತುದಿ ಜಜ್ಜಿದ ಬಿದಿರು ಕಡ್ಡಿಯೇ ಕುಂಚ. ಮೂರನೆಯದು ಬಿಹಾರದ ಮಿಥಿಲೆಯದು. ಹೊಸ ದಂಪತಿಗಳ ಕೋಣೆಯ ಗೋಡೆಗೆ ಹೆಂಗಸರು ಬರೆಯುವ ಕೋಹ್‌ಬರ್. 1934ರ ಭೂಕಂಪದಲ್ಲಿ ಮನೆಗಳು ಬಿರಿದಾಗ ಒಳಗಿನ ಗೋಡೆಗಳನ್ನು ಕಂಡು ಬೆರಗಾದವನು ಡಬ್ಲ್ಯೂ.ಜಿ. ಆರ್ಚರ್ ಎಂಬ ಬ್ರಿಟಿಷ್ ಅಧಿಕಾರಿ. ಅವನು 1949ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಬರೆದ ಮೇಲೆ ಹೊರಗಿನವರಿಗೆ ಅದರ ಸುದ್ದಿ ತಿಳಿಯಿತು.

ಈ ಮೂರೂ ಕಡೆ ಬಣ್ಣಕ್ಕಾಗಿ ಹೊರಗಿನಿಂದ ತರಬೇಕಾದದ್ದು ಬಹಳ ಕಡಿಮೆ. ಮಣ್ಣು ಮನೆಯ ಸುತ್ತ ಇದೆ, ಅಕ್ಕಿ ಅಡುಗೆಮನೆಯಲ್ಲಿದೆ. ಹಾಗೆಂದು ಇದನ್ನು ಯಾರೂ ಅಗ್ಗದ ಅಲಂಕಾರ ಎಂದು ಕರೆಯಲಿಲ್ಲ. ಮನೆಯ ಅತಿ ದೊಡ್ಡ ದಿನಕ್ಕೆ ಮೀಸಲಿಟ್ಟ ಕೆಲಸ ಅದು. ಖರ್ಚು ಕಡಿಮೆ ಎಂಬುದಕ್ಕೂ ಬೆಲೆ ಕಡಿಮೆ ಎಂಬುದಕ್ಕೂ ಸಂಬಂಧವಿಲ್ಲ ಎಂದು ಈ ಗೋಡೆಗಳು ಹೇಳುತ್ತವೆ. ಅಂಗಡಿಯಿಂದ ತಂದ ಸ್ಟಿಕ್ಕರೇ ನಿಜವಾದ ಬಡ ನಕಲು, ಕೈಬರಹದ ಗೋಡೆ ಮೂಲ ಪ್ರತಿ.

ಇಲ್ಲಿಗೆ ನಿಲ್ಲಿಸಿದರೆ ಅದು ಹಳ್ಳಿಯ ಹೊಗಳಿಕೆ ಆದೀತು. ಆ ಗೋಡೆಗಳ ಹಿಂದೆ ಸಂಬಳವಿಲ್ಲದ ಹೆಂಗಸರ ದುಡಿಮೆ ಇತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. 1960ರ ದಶಕದ ಬರಗಾಲದಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಪರವಾಗಿ ಭಾಸ್ಕರ ಕುಲಕರ್ಣಿ ಎಂಬ ಕಲಾವಿದ ಮಿಥಿಲೆಗೆ ಕಾಗದ ಒಯ್ದು ಹಂಚಿದ ಮೇಲೆ ಅಲ್ಲಿನ ಹೆಂಗಸರ ಕೈಗೆ ಮೊದಲ ಸಲ ದುಡ್ಡು ಬಂತು. ಅದು ಒಳ್ಳೆಯದೇ ಆಯಿತು. ಜಿತ್ವಾರ್‌ಪುರದ ಜಗದಂಬಾ ದೇವಿ, ಸೀತಾ ದೇವಿ ಪದ್ಮಶ್ರೀ ಪಡೆದರು. ಅದೇ ಕುಲಕರ್ಣಿ 1970ರ ದಶಕದಲ್ಲಿ ವಾರ್ಲಿ ಊರುಗಳಿಗೂ ಹೋದರು. ಅಲ್ಲಿ ಕಾಗದದ ಮೇಲೆ ಬರೆದು ದೊಡ್ಡ ಹೆಸರು ಮಾಡಿದ್ದು ಜೀವ್ಯಾ ಸೋಮಾ ಮಾಶೆ ಎಂಬ ಗಂಡಸು. ಮಾಶೆ ಅವರ ಪ್ರತಿಭೆ ದೊಡ್ಡದು, 2011ರ ಪದ್ಮಶ್ರೀಗೆ ಅವರು ಅರ್ಹರೇ. ಆದರೂ ತಲೆಮಾರುಗಳಿಂದ ಗೋಡೆಗೆ ಬರೆದವರು ಹೆಂಗಸರು, ಬರವಣಿಗೆಗೆ ಬೆಲೆ ಬಂದ ಮೇಲೆ ಕುಂಚ ಹಿಡಿದು ಮುಂದೆ ಬಂದವರಲ್ಲಿ ಗಂಡಸರೇ ಹೆಚ್ಚು ಎಂಬ ಮಾತು ಉಳಿಯುತ್ತದೆ.

ಪಟ್ಟಣದ ಮನೆಗೂ ಇದರಿಂದ ಪಾಠವಿದೆ. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುವುದು ಈಗಾಗಲೇ ಹೆಂಗಸಿನ ತಲೆಗೆ ಕಟ್ಟಿದ ಕೆಲಸ. ಗೋಡೆಯೂ ಅದೇ ಪಟ್ಟಿಗೆ ಸೇರಿದರೆ ಬರೆಯದಿರುವುದೇ ವಾಸಿ. ಗೋಡೆಗೆ ಬರೆಯುವುದು ಮನೆಮಂದಿಯೆಲ್ಲ ಕೈ ಹಾಕುವ ಕೆಲಸವಾದಾಗ ಮಾತ್ರ ಅದಕ್ಕೆ ಅರ್ಥ. ಅಳತೆ ಹಿಡಿಯುವುದು, ದಾರ ಕಟ್ಟುವುದು, ಬಣ್ಣ ಕಲೆಸುವುದು, ಕೊನೆಗೆ ನೆಲ ಒರೆಸುವುದು ಸಹ ಗಂಡಸರಿಗೂ ಬರುತ್ತದೆ.

ಇನ್ನು ಸಾಮಾನ್ಯವಾಗಿ ಕೇಳಿಬರುವ ತಕರಾರುಗಳು. ಮೊದಲನೆಯದು ಡಿಪಾಸಿಟ್ ಹೋಗುತ್ತದೆ ಎಂಬುದು. ಇದು ಹುಸಿ ಭಯವಲ್ಲ, ಆದರೆ ಇದಕ್ಕೆ ಮಿತಿ ಇದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿಗೆ ಕೊಟ್ಟ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ವಾಸದ ಮನೆಗೆ ಡಿಪಾಸಿಟ್ ಎರಡು ತಿಂಗಳ ಬಾಡಿಗೆ ಮೀರಬಾರದು. ಅದಕ್ಕಿಂತ ಮುಖ್ಯವಾದ ಸಾಲು ಅದರ ಅನುಸೂಚಿಯಲ್ಲಿದೆ: ಗೋಡೆಗೆ ಸುಣ್ಣ ಬಳಿಸುವುದು, ಬಾಗಿಲು ಕಿಟಕಿಗೆ ಬಣ್ಣ ಹಚ್ಚಿಸುವುದು ಮಾಲೀಕನ ಹೊಣೆಯ ಪಟ್ಟಿಗೆ ಸೇರಿದೆ. ಇದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನಾಗಿ ಒಪ್ಪಿಕೊಂಡಲ್ಲಿ ಮಾತ್ರ ಜಾರಿಗೆ ಬರುತ್ತದೆ. ಆದರೂ ಒಂದು ಸಂಗತಿ ಸ್ಪಷ್ಟ. ಬಾಡಿಗೆದಾರ ಹೋದ ಮೇಲೆ ಹೇಗೂ ಬಣ್ಣ ಹೊಡೆಸುವ ಮಾಲೀಕ, ಅದರ ಖರ್ಚನ್ನು ಡಿಪಾಸಿಟ್ಟಿನಿಂದಲೇ ಮುರಿದುಕೊಳ್ಳುವ ಮಾಲೀಕ, ಗೋಡೆಯ ಮೇಲೆ ಗೆರೆ ಇದ್ದರೂ ಇಲ್ಲದಿದ್ದರೂ ಅದೇ ಬಣ್ಣವನ್ನೇ ಹೊಡೆಸುತ್ತಾನೆ. ಹೇಗೂ ಕೊಡಬೇಕಾದ ದುಡ್ಡಿಗೆ ಐದು ವರ್ಷ ಬೋಳು ಗೋಡೆ ನೋಡುತ್ತಾ ಕೂರುವುದು ಎಂಥ ವ್ಯಾಪಾರ?

ಕೇಳದೆ ಬರೆದರೆ ಅದು ಹಾಳುಗೆಡವಿದ ಲೆಕ್ಕಕ್ಕೆ ಹೋಗಬಹುದು, ಆದ್ದರಿಂದ ಕೇಳಿಯೇ ಬರೆಯಬೇಕು. ಬಿಡುವಾಗ ಆ ಒಂದು ಗೋಡೆಗೆ ಬಿಳಿ ಬಳಿಸಿ ಕೊಡುತ್ತೇವೆ ಎಂದು ಬರಹದಲ್ಲಿ ಕೊಟ್ಟರೆ ಒಪ್ಪುವ ಮಾಲೀಕರೂ ಇರುತ್ತಾರೆ. ಕೇಳದೆಯೇ ಇಲ್ಲ ಎನ್ನುತ್ತಾರೆ ಎಂದು ತೀರ್ಮಾನಿಸುವುದು ಮಾಲೀಕನ ಕೆಲಸವನ್ನು ಬಾಡಿಗೆದಾರನೇ ಮಾಡಿಕೊಟ್ಟ ಹಾಗೆ.

ಎರಡನೆಯ ತಕರಾರು, ನಮಗೆ ಚಿತ್ರ ಬರೆಯಲು ಬರುವುದಿಲ್ಲ ಎಂಬುದು. ಕನ್ನಡ ಭಾಷೆಯೇ ಇದನ್ನು ಒಪ್ಪುವುದಿಲ್ಲ. ಅಕ್ಷರ ಬರೆಯುವುದು, ಚಿತ್ರ ಬರೆಯುವುದು, ಹಸೆ ಬರೆಯುವುದು, ಎಲ್ಲಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ‘ಣ’ ಮತ್ತು ‘ಖ’ ಬರೆಯಬಲ್ಲ ಕೈಗೆ ಬಳ್ಳಿ ಬರೆಯುವುದು ಕಷ್ಟವೇನಲ್ಲ. ವಾರ್ಲಿಯ ಮನುಷ್ಯ ಎಂದರೆ ಎರಡು ತ್ರಿಕೋನ ಮತ್ತು ಒಂದು ವೃತ್ತ. ಚಿತ್ತಾರ ಎಂದರೆ ಅಳತೆ ಮತ್ತು ತಾಳ್ಮೆ. ಮುಖದ ಹೋಲಿಕೆ ಬರಬೇಕು, ನೆರಳು ಬೆಳಕು ಬರಬೇಕು ಎಂಬುದು ಶಾಲೆಯ ಡ್ರಾಯಿಂಗ್ ಮೇಷ್ಟ್ರು ಹುಟ್ಟಿಸಿದ ಭಯ. ಗೋಡೆಗೆ ಬರೆಯುವವರಿಗೆ ಬೇಕಾದದ್ದು ಒಂದೇ ಆಕಾರವನ್ನು ನೂರು ಸಲ ಬರೆಯುವ ಸಹನೆ.

ಅದು ಅನೇಕ ಮನೆಗಳಲ್ಲಿ ಈಗಾಗಲೇ ಇದೆ. ಮದುವೆಯಾಗಿ ಪುಣೆಗೋ ಚೆನ್ನೈಗೋ ಬಂದ ಎಷ್ಟೋ ಹೆಂಗಸರ ಟ್ರಂಕಿನಲ್ಲಿ ಚುಕ್ಕಿ ರಂಗೋಲಿಯ ನೋಟುಬುಕ್ಕು ಇರುತ್ತದೆ. ಮೂರನೇ ಮಹಡಿಯ ಫ್ಲ್ಯಾಟಿನ ಮುಂದೆ ಎರಡಡಿ ಜಾಗದಲ್ಲಿ ಅದರ ದೊಡ್ಡ ರಂಗೋಲಿಗಳಿಗೆ ಎಡೆಯಿಲ್ಲ. ನೆಲದಲ್ಲಿ ಜಾಗವಿಲ್ಲದ ಆ ಲೆಕ್ಕವನ್ನು ಗೋಡೆಗೆ ಏರಿಸಬಹುದು. 15 ಚುಕ್ಕಿಯ ರಂಗೋಲಿಯನ್ನು 6 ಸೆಂಟಿಮೀಟರ್ ಅಂತರದಲ್ಲಿ ಇಟ್ಟರೆ 84 ಸೆಂಟಿಮೀಟರ್ ಅಗಲ ಬರುತ್ತದೆ. ಬಾಗಿಲಿನ ಪಕ್ಕದ ಖಾಲಿ ಜಾಗಕ್ಕೆ ಅಷ್ಟು ಸಾಕು.

ಮೂರನೆಯದು ಖರ್ಚು. ವಾಲ್‌ಪೇಪರಿನ ಒಂದು ಸುರುಳಿ ಸಾಮಾನ್ಯವಾಗಿ 57 ಚದರಡಿ ಮುಚ್ಚುತ್ತದೆ. ಹತ್ತಡಿಗೆ ಹತ್ತಡಿ ಗೋಡೆಗೆ ಎರಡು ಸುರುಳಿ, ಅಂಟು, ಅಂಟಿಸುವವರ ಕೂಲಿ ಸೇರಿದರೆ ಲೆಕ್ಕ ಸಾವಿರಗಳಲ್ಲಿ. ಬಿಡುವಾಗ ಕಿತ್ತರೆ ಕೆಳಗಿನ ಬಣ್ಣವೂ ಜೊತೆಗೆ ಏಳುತ್ತದೆ. ಕೈಯಲ್ಲಿ ಬರೆಯಲು ಬೇಕಾದದ್ದು ಅರ್ಧ ಕಿಲೋ ಕೆಮ್ಮಣ್ಣು, ಬಿಳಿ ಪೋಸ್ಟರ್ ಬಣ್ಣದ ಒಂದು ಬಾಟಲಿ, ಒಂದು ಸಣ್ಣ ಫೆವಿಕಾಲ್, ಎರಡು ಬ್ರಷ್, ದಾರ, ಸೀಮೆಸುಣ್ಣ. ಎಲ್ಲ ಸೇರಿ 300 ರೂಪಾಯಿಯ ಆಸುಪಾಸು. ಕೆಮ್ಮಣ್ಣು ಸಿಗುವುದಿಲ್ಲ ಎನ್ನುವವರು ಹೆಸರು ಬದಲಿಸಿ ಕೇಳಬೇಕು. ಮುಂಬೈ, ಪುಣೆ, ದೆಹಲಿಯ ಬಣ್ಣದ ಅಂಗಡಿಯಲ್ಲಿ ಅದು ಗೇರು, ಚೆನ್ನೈಯಲ್ಲಿ ಕಾವಿ. ತಮಿಳರು ಕೋಲದ ಸುತ್ತ ಎಳೆಯುವ ಕೆಂಪು ಅಂಚು, ಮರಾಠಿಗರು ಕುಂಡಕ್ಕೆ ಬಳಿಯುವ ಕೆಂಪು, ಕುಮಟಾ ಕಾರವಾರದ ಕಡೆಯ ದೇವಸ್ಥಾನದ ಗೋಡೆಯಲ್ಲಿ ಕೆಂಪು ಪದರ ಕೆರೆದು ಬಿಳಿ ಗಾರೆ ಕಾಣಿಸುವ ಕಾವಿ ಕಲೆ, ಎಲ್ಲದರ ಮೂಲ ಕೆಂಪು ಮಣ್ಣು.

ಕೆಲಸದ ಕ್ರಮ ತಿಳಿಯದೆ ಹೊರಟರೆ ಗೋಡೆ ಕೆಡುತ್ತದೆ, ಅದನ್ನೂ ಹೇಳಬೇಕು. ಎಮಲ್ಷನ್ ಗೋಡೆಯ ಮೇಲೆ ಬರೀ ಕೆಮ್ಮಣ್ಣು ನಿಲ್ಲುವುದಿಲ್ಲ, ಒಣಗಿ ಪುಡಿಯಾಗಿ ಉದುರುತ್ತದೆ. ಫೆವಿಕಾಲ್ ಸ್ವಲ್ಪ ಸೇರಿಸಿದರೆ ಹಿಡಿಯುತ್ತದೆ, ಆದರೆ ಆಮೇಲೆ ಒರೆಸಿದರೆ ಹೋಗುವುದಿಲ್ಲ, ಪ್ರೈಮರ್ ಹಾಕಿಯೇ ಮುಚ್ಚಬೇಕು. ಆದ್ದರಿಂದ ಒಪ್ಪಿಗೆ ಸಿಕ್ಕಿದ ಗೋಡೆಗೆ ಮಾತ್ರ ಕೆಮ್ಮಣ್ಣು. ಒಪ್ಪಿಗೆ ಸಿಗದ ಕಡೆ ತೊಳೆಯಬಹುದಾದ ಗೋಡೆಯ ಮೇಲೆ ಬರೀ ಪೋಸ್ಟರ್ ಬಣ್ಣದ ಗೆರೆ, ಅದನ್ನೂ ಮೊದಲು ಬಾಗಿಲ ಹಿಂದೆ ಅಂಗೈಯಗಲ ಬರೆದು, ಒಣಗಿಸಿ, ಒರೆಸಿ ನೋಡಿದ ಮೇಲೆ. ಡಿಸ್ಟೆಂಪರ್ ಗೋಡೆಯಾದರೆ ಒದ್ದೆ ಬಟ್ಟೆಗೆ ಗೋಡೆಯ ಬಣ್ಣವೇ ಬರುತ್ತದೆ, ಅಲ್ಲಿ ಒರೆಸುವ ಆಸೆ ಇಟ್ಟುಕೊಳ್ಳಬಾರದು. ಎಲ್ಲಿಯೂ ಆಗದಿದ್ದರೆ ಕೋರಾ ಬಟ್ಟೆಯ ಮೇಲೆ ಬರೆದು ಗೋಡೆಗೆ ಇಳಿಬಿಡಬಹುದು. ಅದು ಮನೆಯಿಂದ ಮನೆಗೆ ಜೊತೆಗೇ ಬರುತ್ತದೆ.

ಮೊದಲ ಸಲ ಇಡೀ ಗೋಡೆಗೆ ಕೈ ಹಾಕುವುದು ಅವಸರ. ಸ್ವಿಚ್‌ಬೋರ್ಡಿನ ಸುತ್ತ, ಬಾಗಿಲ ಚೌಕಟ್ಟಿನ ಅಂಚು, ನೆಲದಿಂದ ಮೂರಡಿ ಎತ್ತರದ ಒಂದು ಪಟ್ಟೆ, ಇಷ್ಟು ಸಾಕು. ಸೀಮೆಸುಣ್ಣ ಸವರಿದ ದಾರವನ್ನು ಎರಡು ತುದಿಯಲ್ಲಿ ಇಬ್ಬರು ಬಿಗಿಹಿಡಿದು, ನಡುವೆ ಎಳೆದು ಬಿಟ್ಟರೆ ನೇರ ಗೆರೆ ಬೀಳುತ್ತದೆ, ಅಡಿಕೋಲು ಬೇಕಿಲ್ಲ. ಬಿಳಿ ಗೋಡೆಯಾದರೆ ಬಣ್ಣದ ಸೀಮೆಸುಣ್ಣ. ಕುಂಚಕ್ಕೆ ಬಣ್ಣ ಕಡಿಮೆ ಇರಬೇಕು, ತೋಳು ಭುಜದಿಂದ ಚಲಿಸಬೇಕು. ಎರಡು ಭಾನುವಾರದ ಕೆಲಸ. ಸಮಯವಿಲ್ಲ ಎನ್ನುವವರು ಸ್ಟಿಕ್ಕರ್ ಆರಿಸಲು ಮೊಬೈಲಿನಲ್ಲಿ ಎಷ್ಟು ಸಂಜೆ ಕಳೆದರು ಎಂದು ಲೆಕ್ಕ ಹಾಕಿದರೆ ಸಾಕು.

ನಾಲ್ಕನೆಯ ತಕರಾರು ಎಲ್ಲಕ್ಕಿಂತ ತೂಕದ್ದು. ಬೇರೆಯವರ ಕಲೆಯನ್ನು ಕದಿಯುವುದು ಸರಿಯೇ ಎಂಬುದು. ಸರಿಯಲ್ಲ. ವಾರ್ಲಿ ಚಿತ್ರಕ್ಕೆ 2014ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ, ಆದರೂ ಎಲ್ಲೋ ಅಚ್ಚಾದ ಸ್ಟಿಕ್ಕರಿನ ದುಡ್ಡು ಡಹಾಣುವಿನ ಮನೆಗೆ ಮುಟ್ಟುವುದಿಲ್ಲ. ಪಾಲಘಟ ದೇವಿಯ ಚೌಕವನ್ನು ಟೀವಿಯ ಹಿಂದೆ ಬರೆದುಕೊಳ್ಳುವುದು ಯಾರದೋ ದೇವರಕೋಣೆಯನ್ನು ಷೋಕೇಸು ಮಾಡಿದಂತೆ. ಇಲ್ಲಿ ಗೆರೆ ಎಳೆಯುವುದು ಕಷ್ಟವಲ್ಲ. ವಾರ್ಲಿ ಬೇಕೆಂದರೆ ವಾರ್ಲಿಯವರಿಂದ ಕೊಳ್ಳಬೇಕು, ಚಿತ್ತಾರ ಬೇಕೆಂದರೆ ಚಿತ್ತಾರಗಿತ್ತಿಗೆ ದುಡ್ಡು ಕೊಟ್ಟು ಬರೆಸಬೇಕು. ತಮ್ಮ ಕೈಯಿಂದ ಬರೆಯುವಾಗ ಅವರಿಂದ ಕಲಿಯಬೇಕಾದದ್ದು ವಿಧಾನ: ಸುತ್ತಮುತ್ತ ಸಿಗುವ ಬಣ್ಣ, ಎಣಿಸಿ ಬರೆಯುವ ಗೆರೆ, ಕಣ್ಣಿಗೆ ಕಾಣುವ ಬದುಕು. ವಾರ್ಲಿ ಗೋಡೆಯಲ್ಲಿ ಗದ್ದೆ, ಬಲೆ, ಹಿತ್ತಿಲು ಇರುವುದು ಅವರ ಸುತ್ತ ಅವು ಇರುವುದರಿಂದ. ಡೊಂಬಿವಲಿಯ ಗೋಡೆಗೆ ಲೋಕಲ್ ರೈಲು, ನೀರಿನ ಡ್ರಮ್ಮು, ಬಾಲ್ಕನಿಯ ಪಾರಿವಾಳ ಬರಬೇಕು. ಊರಿನ ಅಡಿಕೆ ತೋಟ ನೆನಪಾದರೆ ಅದೂ ಬರಲಿ, ನೆನಪೂ ಕಣ್ಣಿಗೆ ಕಾಣುವ ಬದುಕೇ.

ಇಷ್ಟೆಲ್ಲ ಮಾಡಿ ಕೊನೆಗೆ ಅಳಿಸುವುದಾದರೆ ಏನು ಬಂತು ಎಂಬ ಪ್ರಶ್ನೆ ಉಳಿಯುತ್ತದೆ. ದೆಹಲಿಯಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಮಿಥಿಲೆಯ ಹೆಸರಾಂತ ಕಲಾವಿದೆ ಗಂಗಾ ದೇವಿ ತಮ್ಮ ಕೊನೆಯ ವರ್ಷಗಳಲ್ಲಿ ಅಲ್ಲಿನ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದ ಒಂದು ಕೋಣೆಗೆ ಕೋಹ್‌ಬರ್ ಬರೆದರು. 1991ರಲ್ಲಿ ಅವರು ತೀರಿಕೊಂಡರು. 2015ರ ಸುಮಾರಿಗೆ ನವೀಕರಣದ ವೇಳೆ ಆ ಗೋಡೆ ಇಲ್ಲವಾಯಿತು. ಮಿಥಿಲೆಯ ಹಳ್ಳಿಯಲ್ಲೂ ಗೋಡೆಗಳು ಅಳಿಯುತ್ತವೆ. ಅಲ್ಲಿ ಅಳಿಸುವ ಕೈಯೇ ಮತ್ತೆ ಬರೆಯುತ್ತದೆ, ಮುಂದಿನ ಮದುವೆಗೆ ಮಗಳು ಅಮ್ಮನ ಪಕ್ಕ ಕೂತು ಕಲಿಯುತ್ತಾಳೆ. ದೆಹಲಿಯಲ್ಲಿ ಅಳಿಸಿದವರಿಗೆ ಬರೆಯಲು ಬರುತ್ತಿರಲಿಲ್ಲ. ಗೋಡೆಯ ಚಿತ್ರ ಅಳಿಯುವುದು ಸಹಜ. ಬರೆಯುವ ಕೈ ಇಲ್ಲದ ಕಡೆ ಅಳಿಯುವುದು ನಷ್ಟ.

ಹೊರನಾಡಿನ ಕನ್ನಡಿಗರು ಭಾಷೆ ಉಳಿಸುವ ಮಾತನ್ನು ಪ್ರತಿ ರಾಜ್ಯೋತ್ಸವದಲ್ಲಿ ಆಡುತ್ತಾರೆ. ಹಾಲ್ ಹಿಡಿದು, ವೇದಿಕೆಯ ಹಿಂದೆ ಫ್ಲೆಕ್ಸ್ ಕಟ್ಟಿ, ಅದರ ಮೇಲೆ ಭುವನೇಶ್ವರಿಯ ಅಚ್ಚಿನ ಚಿತ್ರ ಹಾಕುತ್ತಾರೆ. ಮನೆಗೆ ಮರಳಿದರೆ ಅದೇ ಬೋಳು ಗೋಡೆ. ಇಪ್ಪತ್ತು ವರ್ಷ ಒಂದು ಊರಿನಲ್ಲಿ ಬಾಳಿ, ಆ ಊರಿನ ಗೋಡೆಗೆ ಒಂದು ಗೆರೆಯನ್ನೂ ಬರೆಯದೆ, ಇಲ್ಲಿ ನಾವು ಅತಿಥಿಗಳು ಎಂದು ಒಳಗೊಳಗೇ ಒಪ್ಪಿಕೊಂಡವರ ಮಕ್ಕಳು ಆ ಊರನ್ನೂ ತಮ್ಮದೆನ್ನಲಾರರು, ಅಪ್ಪ ಅಮ್ಮನ ಊರನ್ನೂ ತಮ್ಮದೆನ್ನಲಾರರು.

ಕರಾರಿನ ಆ ಷರತ್ತನ್ನು ಬದಲಿಸಲು ಚಳವಳಿ ಬೇಕಿಲ್ಲ. ಮುಂದಿನ ಹನ್ನೊಂದು ತಿಂಗಳಿಗೆ ಸಹಿ ಹಾಕುವ ಮುಂಚೆ ‘ಗೀಚಬಾರದು’ ಎಂಬಲ್ಲಿ ಅಡ್ಡಗೆರೆ ಎಳೆದು, ‘ಬಿಡುವಾಗ ಬಿಳಿ ಬಳಿದು ಕೊಡತಕ್ಕದ್ದು’ ಎಂದು ಸೇರಿಸಲು ಕೇಳಬಹುದು. ಆ ಒಂದು ತಿದ್ದುಪಡಿಯಲ್ಲಿ ಮಾಲೀಕನಿಗೆ ಅವನ ಗೋಡೆ ಸಿಗುತ್ತದೆ, ಇರುವವರಿಗೆ ಅವರ ಮನೆ ಸಿಗುತ್ತದೆ.